ಯಾವ ಸುಝೌ?

ಬೀಜಿಂಗಿನಿಂದ ಶಾಂಘೈಗೆ ಹೋಗುವ ಅತಿವೇಗದ ರೈಲುಮಾರ್ಗ ಶುರುವಾದದ್ದು 2011ರ ಜೂನ್ ಕೊನೆಯಲ್ಲಿ. ಉದ್ದ 1318 ಕಿಲೋಮೀಟರ್. ಚೀನೀ ಲಿಪಿ ಬಾರದ ಪ್ರವಾಸಿಯೊಬ್ಬ ಸುಝೌ ನೋಡಲೆಂದು ಆ ರೈಲು ಹತ್ತಿದ್ದಾನೆ ಎಂದುಕೊಳ್ಳೋಣ. ಅವನ ಮನಸ್ಸಿನಲ್ಲಿರುವುದು ರೇಷ್ಮೆಯ ಊರು, ಕಾಲುವೆಗಳ ಊರು, ಯುನೆಸ್ಕೋ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಉದ್ಯಾನಗಳ ಊರು. ನಿಲ್ದಾಣಗಳ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಓದಿಕೊಳ್ಳುತ್ತ ಕೂತಿದ್ದಾನೆ. ದೆಝೌ ಹೋಯಿತು, ಶೂಝೌ ಹೋಯಿತು, ಆಮೇಲೆ ಬಂತು ಸುಝೌ ಪೂರ್ವ. ಗಡಿಬಿಡಿಯಲ್ಲಿ ಚೀಲ ಇಳಿಸಿಕೊಂಡು ಇಳಿದೇಬಿಟ್ಟ.

ಇಳಿದದ್ದು ಅನ್‌ಹುಯಿ ಪ್ರಾಂತದಲ್ಲಿ, ಗೋಧಿ ಬೆಳೆಯುವ ಬಯಲಿನಲ್ಲಿ. ಉದ್ಯಾನಗಳಿರುವ ಸುಝೌ ಜಿಯಾಂಗ್‌ಸು ಪ್ರಾಂತದ್ದು. ಅದೇ ಹಳಿಯ ಮೇಲೆ ಇನ್ನೂ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಅಲ್ಲಿಯ ನಿಲ್ದಾಣಕ್ಕೆ ಸುಝೌ ಉತ್ತರ ಎಂದು ಹೆಸರು. ಒಂದೇ ಊರಿನ ಪೂರ್ವದ ನಿಲ್ದಾಣ, ಉತ್ತರದ ನಿಲ್ದಾಣ ಎಂದು ಅವನು ತಿಳಿದಿದ್ದರೆ ಅದರಲ್ಲಿ ಅವನ ತಪ್ಪೇನೂ ಇಲ್ಲ. ಜಗತ್ತಿನ ಎಷ್ಟೋ ದೊಡ್ಡ ಊರುಗಳಲ್ಲಿ ರೈಲಿನವರು ಹಾಗೆಯೇ ಹೆಸರಿಡುತ್ತಾರೆ.

ಅವನ ಪಕ್ಕದಲ್ಲಿ ಕೂತಿದ್ದ ಚೀನೀ ಮುದುಕಿಗೆ ಮಾತ್ರ ಈ ಗಲಿಬಿಲಿ ಏನೆಂದೇ ಅರ್ಥವಾಗುತ್ತಿರಲಿಲ್ಲ. ಅವಳ ಕಿವಿಗೆ ಅವು ಬೇರೆ ಬೇರೆ ಹೆಸರು. ಉದ್ಯಾನದ ಊರಿನ 'ಸು' ಎತ್ತರದ ಶ್ರುತಿಯಲ್ಲಿ ಸಮವಾಗಿ ನಿಲ್ಲುತ್ತದೆ. ಬಯಲಿನ ಊರಿನ 'ಸು' ಮೇಲಿನಿಂದ ಕೆಳಕ್ಕೆ ಧುಮುಕುತ್ತದೆ. ಭಾಷಾಶಾಸ್ತ್ರದವರು ಇದನ್ನು ತಾನ ಎನ್ನುತ್ತಾರೆ. ಮ್ಯಾಂಡರಿನ್‌ನಲ್ಲಿ ಮುಖ್ಯವಾಗಿ ನಾಲ್ಕು ತಾನ: ಸಮ, ಏರು, ಇಳಿದು ಏರುವುದು, ಬೀಳು. ನಮಗೆ ಮಾತಿನ ರಾಗವೆಂದರೆ ಕೋಪ, ಪ್ರಶ್ನೆ, ವ್ಯಂಗ್ಯ ತೋರಿಸುವ ಸಾಧನ. ಅವರಿಗೆ ಅದು ಪದದ ಒಡಲಿನಲ್ಲಿಯೇ ಇರುವ ಅಂಗ. 'ಕ' ಬೇರೆ 'ಗ' ಬೇರೆ ಎನ್ನಲು ನಮಗೆ ಹೇಗೆ ಯೋಚನೆಯೇ ಬೇಕಾಗುವುದಿಲ್ಲವೋ, ಈ 'ಸು' ಬೇರೆ ಆ 'ಸು' ಬೇರೆ ಎನ್ನಲು ಅವಳಿಗೂ ಬೇಕಾಗುವುದಿಲ್ಲ. ಬರೆಯುವಾಗಂತೂ ಎರಡಕ್ಕೂ ಸಂಬಂಧವೇ ಇಲ್ಲದ ಎರಡು ಅಕ್ಷರ.

ಇಂಥ ಜೋಡಿಗಳು ಒಂದೆರಡಲ್ಲ. ಫುಜಿಯಾನ್ ಪ್ರಾಂತದ ರಾಜಧಾನಿ ಫುಝೌ ಕಡಲತೀರದ ಊರು. ಇನ್ನೊಂದು ಫುಝೌ ಜಿಯಾಂಗ್‌ಶಿಯ ಒಳನಾಡಿನದು, ಸುಧಾರಕ ಮಂತ್ರಿ ವಾಂಗ್ ಆನ್‌ಶಿ ಮತ್ತು ನಾಟಕಕಾರ ಟಾಂಗ್ ಶಿಯಾನ್‌ಝು ಅವರ ಸೀಮೆ. (ಟಾಂಗ್ ತೀರಿಕೊಂಡದ್ದು 1616ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡ ವರ್ಷದಲ್ಲೇ. ಆ ಕಾಕತಾಳೀಯವನ್ನು ಚೀನೀಯರು ಹೇಳದೆ ಬಿಡುವುದಿಲ್ಲ.) ತೈಝೌ ಎರಡು. ಯುಲಿನ್ ಎರಡು: ಒಂದು ಮರಳುಗಾಡಿನ ಅಂಚಿನ ಕಲ್ಲಿದ್ದಲ ಊರು, ಮಹಾಗೋಡೆಯ ಕಾವಲುಗೋಪುರವಿರುವುದು, ಇನ್ನೊಂದು ದಕ್ಷಿಣ ತುದಿಯ ಗುವಾಂಗ್‌ಶಿಯದು, ನಾಯಿಮಾಂಸದ ಹಬ್ಬದಿಂದಾಗಿ ಜಗತ್ತಿನ ಪತ್ರಿಕೆಗಳಲ್ಲಿ ಬೈಸಿಕೊಂಡದ್ದು. ಯಿಚುನ್ ಕೂಡ ಎರಡು. ರಷ್ಯಾ ಗಡಿಯ ಹತ್ತಿರ, ಹಿಮ ಬೀಳುವ ಕಾಡಿನ ನಡುವೆ ಒಂದು. ಲಿಥಿಯಂ ಗಣಿಗಳಿಗೆ ಹೆಸರಾದ ಜಿಯಾಂಗ್‌ಶಿಯ ಊರು ಇನ್ನೊಂದು. ಬ್ಯಾಟರಿ ಕಂಪನಿಯ ಷೇರು ಕೊಂಡವನು ಯಿಚುನ್ ಗಣಿಯ ಸುದ್ದಿ ಓದಿ ನಕಾಶೆ ತೆರೆದರೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಕಾಡಿಗೆ ಹೋಗಿ ನಿಲ್ಲಬಹುದು.

ಈ ಗೊಂದಲಕ್ಕೆ ಕಾರಣ ಕೇಳಿದರೆ ಕೆಲವರು ಚೀನೀ ಭಾಷೆಯತ್ತ ಬೆರಳು ತೋರುತ್ತಾರೆ: ಧ್ವನಿಗಳ ಬಡತನ, ಇರುವ ನಾಲ್ಕು ಶಬ್ದಗಳಲ್ಲೇ ಎಲ್ಲವನ್ನೂ ಹೇಳಬೇಕು, ಪಾಪ. ಇನ್ನು ಕೆಲವರು ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯ ಕ್ರಮವನ್ನೇ ಬಯ್ಯುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಯಾರು ಓದಲೆಂದು ಬರೆಯುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಬರೆಯುವವರು ಕೇಳಿಕೊಳ್ಳದೆ ಇದ್ದುದರಿಂದ ಹುಟ್ಟಿದ ಗೊಂದಲ ಇದು ಎನ್ನುವುದು ನನ್ನ ವಾದ.

ಮೊದಲು ಭಾಷೆಯ ಬಡತನದ ಮಾತು. ಅದರಲ್ಲಿ ಅಲ್ಪಸ್ವಲ್ಪ ನಿಜವಿದೆ. ತಾನವನ್ನು ಬದಿಗಿಟ್ಟರೆ ಇಂದಿನ ಮ್ಯಾಂಡರಿನ್‌ನಲ್ಲಿ ಸುಮಾರು ನಾನೂರು ಬಗೆಯ ಉಚ್ಚಾರಾಂಶಗಳಷ್ಟೇ ಇವೆ. ತಾನ ಸೇರಿಸಿದರೆ ಸಾವಿರದ ಮುನ್ನೂರರ ಹತ್ತಿರ ಬರುತ್ತದೆ. ಆದರೆ ಮ್ಯಾಂಡರಿನ್ ಹುಟ್ಟಿನಿಂದ ಹೀಗಿರಲಿಲ್ಲ. ಹಳೆಯ ಚೀನೀಯಲ್ಲಿ ಪದಗಳ ಕೊನೆಗೆ ಪ್, ತ್, ಕ್, ಮ್ ಎಂಬ ವ್ಯಂಜನಗಳಿದ್ದವು. ಉತ್ತರದ ಮಾತಿನಲ್ಲಿ ಮೊದಲ ಮೂರು ಉದುರಿಹೋದವು. 'ಮ್' ಎಂಬುದು 'ನ್' ಜೊತೆ ಬೆರೆತುಹೋಯಿತು. ದಕ್ಷಿಣದ ಕ್ಯಾಂಟನೀಸ್ ಮಾತು ನಾಲ್ಕನ್ನೂ ಉಳಿಸಿಕೊಂಡಿದೆ. ಕ್ಯಾಂಟನೀಸ್ ಆಡುವವರಿಗೆ ಕಡಲತೀರದ ಫುಝೌನ ಮೊದಲ ಅಕ್ಷರ 'ಫುಕ್', ಒಳನಾಡಿನ ಫುಝೌನದು ಬರೀ 'ಫು'. ಬಯಲಿನ ಸುಝೌ ಅವರಿಗೆ 'ಸುಕ್', ದಕ್ಷಿಣದ ಯುಲಿನ್ 'ಯುಕ್'. ಅಂದರೆ ಈ ಜೋಡಿಗಳಲ್ಲಿ ಎಷ್ಟೋ ಹೆಸರಿಟ್ಟ ಕಾಲಕ್ಕೆ ತಾನವನ್ನು ಬಿಟ್ಟರೂ ಬೇರೆ ಬೇರೆಯೇ ಆಗಿದ್ದವು.   ಜಪಾನಿನ ಫುಕುವೋಕಾ, ಫುಕುಶಿಮಾಗಳಲ್ಲಿ ಇರುವುದೂ ಕಡಲತೀರದ ಫುಝೌನ ಅದೇ 'ಭಾಗ್ಯ' ಎಂಬರ್ಥದ ಅಕ್ಷರ, 'ಫುಕ್'ನ ಅದೇ 'ಕ'.

ಕನ್ನಡದವರು ಇದಕ್ಕೆ ಬೆರಗಾಗಬೇಕಿಲ್ಲ. ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ೞಕಾರ ನಮ್ಮ ಬಾಯಿಂದ ಜಾರಿಹೋದ ಮೇಲೆ ಎರಡೂ 'ಬಾಳು' ಆದವು. ತಮಿಳಿನಲ್ಲಿ ಆ ಧ್ವನಿ ಇನ್ನೂ ಇರುವುದರಿಂದ ಅವರ ಬದುಕೂ ಕತ್ತಿಯೂ ಬೇರೆಬೇರೆಯಾಗಿ ಉಳಿದಿವೆ. ಹಾಗೆಂದು ಕನ್ನಡ ಬಡವಾಯಿತು ಎಂದು ನಾವು ಗೋಳಾಡಲಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಂಡೆವು. ಚೀನೀಯರೂ ಅದನ್ನೇ ಮಾಡುತ್ತಾರೆ. ದೂರವಾಣಿಯಲ್ಲಿ ಹೆಸರು ಹೇಳುವಾಗ 'ಝಾಂಗ್, ಬಿಲ್ಲು ಮತ್ತು ಉದ್ದ ಸೇರಿದ ಝಾಂಗ್' ಎಂದು ಅಕ್ಷರವನ್ನೇ ಬಿಡಿಸಿ ಹೇಳುವುದು ಅವರಲ್ಲಿ ದಿನನಿತ್ಯದ ಮಾತು.

ಇನ್ನು ಪಿನ್‌ಯಿನ್. ಅದಕ್ಕೆ ರೂಪ ಕೊಟ್ಟ ತಂಡದ ಮುಖ್ಯಸ್ಥ ಝೌ ಯೌಗುವಾಂಗ್ ಮೂಲತಃ ಅರ್ಥಶಾಸ್ತ್ರದವರು, ಬ್ಯಾಂಕಿನಲ್ಲಿ ದುಡಿದವರು, ನ್ಯೂಯಾರ್ಕಿನಲ್ಲೂ ಇದ್ದು ಬಂದವರು; ಭಾಷೆ ಅವರಿಗೆ ಹವ್ಯಾಸವಾಗಿತ್ತು. 1955ರಲ್ಲಿ ಅವರನ್ನು ಲಿಪಿ ಸುಧಾರಣೆಯ ಕೆಲಸಕ್ಕೆ ಕರೆಸಿದರು. 1958ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜನತಾ ಕಾಂಗ್ರೆಸ್ ಪಿನ್‌ಯಿನ್‌ಗೆ ಒಪ್ಪಿಗೆ ಕೊಟ್ಟಿತು. 1977ರಲ್ಲಿ ಸ್ಥಳನಾಮಗಳ ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ಅದನ್ನು ಮಾನ್ಯ ಮಾಡಿತು. 1979ರ ಜನವರಿ 1ರಿಂದ ಚೀನಾ ಸರ್ಕಾರ ಹೊರಜಗತ್ತಿಗೆ ಬರೆಯುವ ಎಲ್ಲ ಹೆಸರುಗಳಿಗೂ ಅದನ್ನೇ ಬಳಸತೊಡಗಿತು. ಪೀಕಿಂಗ್ ಬೀಜಿಂಗ್ ಆಯಿತು. ಝೌ 2017ರಲ್ಲಿ, 111 ವರ್ಷ ತುಂಬಿದ ಮರುದಿನ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, 1958ರ ಆ ಕ್ರಮದಲ್ಲಿ ತಾನಕ್ಕೆ ಚಿಹ್ನೆಗಳು ಇವೆ. ಸ್ವರಾಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದರೆ ಸಮ. ಮೇಲಕ್ಕೆ ಓರೆಯಾದ ಗೆರೆ ಏರಿಗೆ, ಕೊಕ್ಕೆಯಂಥದ್ದು ಮೂರನೆಯದಕ್ಕೆ, ಕೆಳಕ್ಕೆ ಓರೆಯಾದದ್ದು ಬೀಳಿಗೆ. ಅವನ್ನು ಹಾಕಿದರೆ ಎರಡು ಸುಝೌಗಳು ಕಾಗದದ ಮೇಲೂ ಬೇರೆ ಬೇರೆ. ಹಾಕಿದರೆ ಫುಝೌ, ತೈಝೌ, ಯುಲಿನ್, ಯಿಚುನ್‌ಗಳ ಜಗಳವೂ ಮುಗಿಯಿತು. ಹಾಗಾದರೆ ಆ ಚಿಹ್ನೆಗಳು ಈಗ ಎಲ್ಲಿವೆ? ಒಂದನೆಯ ತರಗತಿಯ ಮಕ್ಕಳ ಪಠ್ಯದಲ್ಲಿವೆ, ನಿಘಂಟುಗಳಲ್ಲಿವೆ. ರೈಲ್ವೆ ಟಿಕೆಟ್ಟಿನ ಮೇಲೆ ಇಲ್ಲ, ಹೆದ್ದಾರಿಯ ಫಲಕಗಳಲ್ಲಿ ಇಲ್ಲ, ಪಾಸ್‌ಪೋರ್ಟಿನಲ್ಲಿ ಇಲ್ಲ, ಹೊರದೇಶದವರಿಗೆಂದು ಅಚ್ಚು ಹಾಕಿದ ನಕಾಶೆಗಳಲ್ಲೂ ಇಲ್ಲ.

ಇದೆಂಥ ತಲೆಕೆಳಗಾದ ವ್ಯವಸ್ಥೆ ನೋಡಿ. ಒಂದನೆಯ ತರಗತಿಯ ಮಗುವಿಗೆ ಮಾತು ಮೊದಲೇ ಗೊತ್ತು. ಪದದ ತಾನ ಅದರ ನಾಲಿಗೆಯ ಮೇಲೆಯೇ ಇದೆ. ಅದಕ್ಕೆ ಚಿಹ್ನೆ ಕೊಡುತ್ತಾರೆ. ಫಲಕದ ರೋಮನ್ ಸಾಲನ್ನು ಓದುವವನು ಚೀನೀ ಅಕ್ಷರ ಬಾರದವನು, ಬೇರೆ ಯಾವ ಆಸರೆಯೂ ಇಲ್ಲದವನು. ಅವನಿಗೆ ಬೇಕಾದ ಗುರುತನ್ನು ಅಳಿಸಿ ಕೊಡುತ್ತಾರೆ. ಅಕ್ಷರ ಬಲ್ಲವರು ಆ ರೋಮನ್ ಸಾಲನ್ನು ಓದುವುದೇ ಇಲ್ಲ. ಹೀಗಾಗಿ ಅದರಲ್ಲಿ ಏನು ಕಾಣೆಯಾಗಿದೆ ಎಂಬುದು ಬರೆಸಿದವರ ಗಮನಕ್ಕೆ ಬರುವುದೂ ಇಲ್ಲ.

ಹೊರದೇಶದವನ ಕಿವಿಗೆ ತಾನ ತಿಳಿಯುವುದೇ ಇಲ್ಲ, ಚಿಹ್ನೆ ಹಾಕಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಕಿವಿಗೆ ತಿಳಿಯದಿದ್ದರೆ ಬೇಡ, ಕಣ್ಣಿಗೆ ತಿಳಿಯುತ್ತದಲ್ಲ. ಟಿಕೆಟ್ಟಿನ ಮೇಲಿನ ಗೆರೆಗೂ ಫಲಕದ ಮೇಲಿನ ಗೆರೆಗೂ ತಾಳೆ ನೋಡಲು ಸಂಗೀತಜ್ಞಾನ ಬೇಕಿಲ್ಲ. ವಿಯೆಟ್ನಾಮಿನವರದೂ ತಾನಭಾಷೆ, ಲಿಪಿ ರೋಮನ್. ಬೀದಿಯ ಫಲಕದಿಂದ ಹೋಟೆಲಿನ ತಿಂಡಿಪಟ್ಟಿಯವರೆಗೆ ಅವರು ಹಾಕಬೇಕಾದ ಚಿಹ್ನೆಯನ್ನು ಬಿಟ್ಟು ಬರೆಯುವುದಿಲ್ಲ. ಅಲ್ಲಿ ರೋಮನ್ ಲಿಪಿ ಅವರದೇ ಲಿಪಿ. ಚೀನಾದಲ್ಲಿ ಅದು ಅತಿಥಿಗಳಿಗೆಂದು ಇಟ್ಟ ಲೋಟ. ತಾವು ದಿನಾ ಕುಡಿಯದ ಲೋಟಕ್ಕೆ ಬಿರುಕು ಬಿಟ್ಟಿದೆಯೇ ಎಂದು ಯಾರು ನೋಡುತ್ತಾರೆ?

ಒಂದೇ ಒಂದು ಕಡೆ ಮಾತ್ರ ನೋಡಿದ್ದಾರೆ. ಹಳದಿ ನದಿಯ ಆಚೆ ಈಚೆ ದಡಗಳಲ್ಲಿ ಎರಡು ಪ್ರಾಂತಗಳಿವೆ. ಎರಡರ ಹೆಸರೂ ತಾನ ಬಿಟ್ಟರೆ ಶಾನ್‌ಶಿ. ಮೂಡಣ ದಡದ್ದು ಕಲ್ಲಿದ್ದಲ ನಾಡು, ಯುಂಗಾಂಗ್ ಗುಹೆಗಳ ನಾಡು. ಪಡುವಣ ದಡದ್ದು ಶಿಯಾನ್ ನಗರ ಇರುವ ನಾಡು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನ್ಯ ಸಿಕ್ಕಿದ್ದು ಅಲ್ಲಿ, ಮಾವೋನ ಯೆನಾನ್ ನೆಲೆ ಇದ್ದದ್ದೂ ಅಲ್ಲಿ. ಊರುಗಳಾದರೆ ಹೇಗೋ ನಡೆದೀತು. ಅಕ್ಕಪಕ್ಕದ ಎರಡು ಪ್ರಾಂತಗಳಿಗೆ ಒಂದೇ ಹೆಸರು ಬರೆದರೆ ಸರ್ಕಾರದ ಕಡತವೇ ಕಕ್ಕಾಬಿಕ್ಕಿಯಾಗುತ್ತದೆ. ಹಾಗಾಗಿ ಪಡುವಣದ್ದಕ್ಕೆ ರೋಮನ್ ಬರಹದಲ್ಲಿ ಎರಡು 'ಎ' ಕೊಟ್ಟರು.

ಆ ಎರಡನೆಯ 'ಎ' ಎಲ್ಲಿಂದ ಬಂತು ಎಂಬುದು ಸೊಗಸಾದ ಕಥೆ. ಪಿನ್‌ಯಿನ್‌ಗೆ ಮೂವತ್ತು ವರ್ಷ ಮುಂಚೆ, 1928ರಲ್ಲಿ, ರಾಷ್ಟ್ರೀಯವಾದಿ ಸರ್ಕಾರ ಇನ್ನೊಂದು ರೋಮನ್ ಕ್ರಮವನ್ನು ಜಾರಿಗೆ ತಂದಿತ್ತು. ಗ್ವೊಯು ರೊಮಾಟ್ಸಿ ಎಂದು ಅದರ ಹೆಸರು. ಭಾಷಾವಿಜ್ಞಾನಿ ಝಾವೊ ಯುಯೆನ್‌ರೆನ್, ಲೇಖಕ ಲಿನ್ ಯುಟಾಂಗ್ ಮೊದಲಾದವರು ಸೇರಿ ಕಟ್ಟಿದ್ದು. ತಾನವನ್ನು ತಲೆಯ ಮೇಲಿನ ಗೆರೆಯಲ್ಲಿ ತೋರಿಸಿದರೆ ಜನ ಸೋಮಾರಿತನದಿಂದ ಗೆರೆಯನ್ನು ಬಿಟ್ಟುಬಿಡುತ್ತಾರೆ ಎಂದು ಅವರಿಗೆ ಮೊದಲೇ ಅನ್ನಿಸಿತ್ತು. ಅದಕ್ಕೇ ತಾನವನ್ನು ಕಾಗುಣಿತದ ಒಳಗೇ ಹೆಣೆದರು: ಮೂರನೆಯ ತಾನಕ್ಕೆ ಸ್ವರಾಕ್ಷರ ಇಮ್ಮಡಿ, ನಾಲ್ಕನೆಯದಕ್ಕೆ ಕೆಲವು ಕಡೆ ಕೊನೆಗೊಂದು 'ಎಚ್', ಹೀಗೆ. ಅದರ ನಿಯಮಗಳು ತಲೆ ಚಿಟ್ಟು ಹಿಡಿಸುವಷ್ಟು ತೊಡಕಾಗಿದ್ದವು. ಜನರ ಬಳಕೆಗೆ ಅದು ಇಳಿಯಲಿಲ್ಲ. ಕ್ರಮ ಸತ್ತಿತು, ಅದರ ಒಂದು 'ಎ' ಉಳಿಯಿತು. ಎದುರಾಳಿ ಸರ್ಕಾರದ ಕಾಗುಣಿತದಿಂದ ಒಂದು ಅಕ್ಷರ ಕಡ ತಂದು ಕಮ್ಯುನಿಸ್ಟ್ ಸರ್ಕಾರ ತನ್ನ ಪ್ರಾಂತದ ಹೆಸರಿಗೆ ಹೊಲಿದುಕೊಂಡಿತು. ಮೊದಲರ್ಧ ಆ ಕ್ರಮದ್ದು, ಕೊನೆಯರ್ಧ ಪಿನ್‌ಯಿನ್‌ನದು. ಝಾವೊ ಅವರ ಭಯ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಇಂದಿನ ಪ್ರತಿಯೊಂದು ಗೆರೆಯಿಲ್ಲದ ಫಲಕವೂ ಸಾಕ್ಷಿ.

ಒಂದು ತೇಪೆ ಸಾಲುತ್ತದೆಯೇ? ಚೀನೀ ಆಡಳಿತಕ್ಕೆ ಹೆಸರುಗಳ ಗೊಂದಲ ಹೊಸದೇನಲ್ಲ. 1914ರಲ್ಲಿ ಹೊಸ ಗಣರಾಜ್ಯ ದೇಶದ ಕೌಂಟಿಗಳ ಪಟ್ಟಿ ಹಿಡಿದು ಕೂತಾಗ ಅಕ್ಷರದಲ್ಲೇ ಒಂದಾಗಿದ್ದ ಹೆಸರುಗಳು ರಾಶಿರಾಶಿಯಾಗಿ ಸಿಕ್ಕವು. 'ಮಹಾಶಾಂತಿ' ಎಂಬರ್ಥದ ತೈಪಿಂಗ್ ಎಂಬ ಕೌಂಟಿಗಳೇ ನಾಲ್ಕು ಪ್ರಾಂತಗಳಲ್ಲಿದ್ದವು. ಒಂದನ್ನು ಉಳಿಸಿ ಉಳಿದವಕ್ಕೆ ಬೇರೆ ಹೆಸರಿಟ್ಟರು. ಝೆಜಿಯಾಂಗಿನ ತೈಪಿಂಗ್ ವೆನ್‌ಲಿಂಗ್ ಆಯಿತು. ಆ ವರ್ಷ ನೂರಕ್ಕೂ ಹೆಚ್ಚು ಕೌಂಟಿಗಳು ಹೆಸರು ಬದಲಿಸಿಕೊಂಡವು. ಅದರಲ್ಲೊಂದು ತಮಾಷೆಯಿದೆ. ಜಿಯಾಂಗ್‌ಶಿಯ ಶಿನ್‌ಚೆಂಗ್, ಅಂದರೆ 'ಹೊಸಕೋಟೆ', ಬೇರೆ ಹೊಸಕೋಟೆಗಳಿಂದ ತಪ್ಪಿಸಿಕೊಳ್ಳಲು ಲಿಚುವಾನ್ ಎಂದಾಯಿತು. ಹುಬೈ ಪ್ರಾಂತದಲ್ಲಿ ಇನ್ನೊಂದು ಲಿಚುವಾನ್ ಆಗಲೇ ಇತ್ತು. ಅಕ್ಷರ ಬೇರೆ, ತಾನ ಬೇರೆ. ಹಾಗಾಗಿ ಅಂದು ಯಾರಿಗೂ ಅದು ಘರ್ಷಣೆ ಎನಿಸಲಿಲ್ಲ. ರೋಮನ್ ಪಟ್ಟಿಯಲ್ಲಿ ಮಾತ್ರ ಇವತ್ತು ಎರಡೂ ಒಂದೇ.

1986ರಲ್ಲಿ ಹೊರಟ ಸ್ಥಳನಾಮ ನಿಯಮಗಳು ಕೌಂಟಿ ಮತ್ತು ಅದಕ್ಕೆ ಮೇಲಿನ ಹೆಸರುಗಳು ಪುನರಾವರ್ತನೆ ಆಗಬಾರದು, ಒಂದೇ ಉಚ್ಚಾರಣೆಯೂ ಬರದಂತೆ ನೋಡಿಕೊಳ್ಳಬೇಕು ಎಂದವು. ಆಮೇಲೆ ಏನಾಯಿತು? 1994ರಲ್ಲಿ ಝೆಜಿಯಾಂಗಿನ ತೈಝೌ ದೊಡ್ಡ ನಗರಾಡಳಿತದ ಸ್ಥಾನಕ್ಕೆ ಏರಿತು, ಎರಡೇ ವರ್ಷಕ್ಕೆ ಜಿಯಾಂಗ್‌ಸುವಿನ ತೈಝೌಗೂ ಅದೇ ಸ್ಥಾನ ಸಿಕ್ಕಿತು. 2000ದಲ್ಲಿ ಜಿಯಾಂಗ್‌ಶಿಯ ಫುಝೌ, ಯಿಚುನ್‌ಗಳ ಸರದಿ. ಪಿನ್‌ಯಿನ್ ಅಧಿಕೃತವಾಗಿ ಹೊರಜಗತ್ತಿಗೆ ಕಾಲಿಟ್ಟು ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಈ ಜೋಡಿಗಳು ನಕಾಶೆಯ ದೊಡ್ಡ ಅಕ್ಷರಗಳಿಗೆ ಬಂದವು. ನಿಯಮ ಮುರಿದರು ಎನ್ನುವಂತಿಲ್ಲ. ಅಧಿಕಾರಿಗಳ ಕಿವಿಯಲ್ಲಿ ಎರಡು ತೈಝೌಗಳ ಉಚ್ಚಾರಣೆ ಒಂದೇ ಅಲ್ಲ. ಒಂದು ಸಮ, ಇನ್ನೊಂದು ಬೀಳು. (ಝೆಜಿಯಾಂಗಿನ ತೈಝೌನ 'ತೈ'ಯನ್ನು ತೈವಾನಿನ 'ತೈ'ಯಂತೆ ಏರಿಸಿ ಹೇಳಿ ಅಲ್ಲಿಯವರಿಂದ ತಿದ್ದಿಸಿಕೊಳ್ಳುವ ಚೀನೀಯರೂ ಇದ್ದಾರೆ. ಅದು ಅವರವರ ಮನೆಯೊಳಗಿನ ಜಗಳ.)

ನನ್ನ ವಾದಕ್ಕೆ ನಾನೇ ಒಂದು ಅಡ್ಡಿ ಹೇಳಬೇಕು. ತಾನಚಿಹ್ನೆ ಎಲ್ಲವನ್ನೂ ಬಿಡಿಸುವುದಿಲ್ಲ. ಗುಯಿಝೌ ಪ್ರಾಂತದ ರಾಜಧಾನಿ ಗುಯಿಯಾಂಗ್ ಮತ್ತು ಹುನಾನಿನ ಗುಯಿಯಾಂಗ್ ಕೌಂಟಿ ಎರಡಕ್ಕೂ ಒಂದೇ ತಾನ. ಜಿಯಾಂಗ್‌ಶಿಯಲ್ಲೊಂದು, ಕೊರಿಯಾ ಗಡಿಯಲ್ಲೊಂದು ಇರುವ ಜಿಆನ್‌ಗಳೂ ಹಾಗೆಯೇ. ಸುಝೌ ಕೂಡ ಎರಡಕ್ಕೆ ನಿಲ್ಲುವುದಿಲ್ಲ. ವಾಯವ್ಯದಲ್ಲಿ, ಹಳೆಯ ರೇಷ್ಮೆ ದಾರಿಯ ಮೇಲೆ, ಮೂರನೆಯದೊಂದಿದೆ; ಈಗ ಜಿಯುಚುವಾನ್ ನಗರದ ಒಂದು ಜಿಲ್ಲೆ. ಗಾನ್‌ಝೌ, ಸುಝೌ ಎಂಬ ಎರಡು ಊರುಗಳ ಮೊದಲ ಅಕ್ಷರಗಳನ್ನು ಕೂಡಿಸಿಯೇ ಗಾನ್ಸು ಪ್ರಾಂತದ ಹೆಸರಾದದ್ದು. ಅದರ ತಾನವೂ ಬಯಲಿನ ಸುಝೌನಂತೆ ಬೀಳು. ಇಲ್ಲಿ ಗೆರೆ ಸೋಲುತ್ತದೆ, ಕ್ಯಾಂಟನೀಸ್ ಕೂಡ ಸೋಲುತ್ತದೆ. ಪ್ರಾಂತದ ಹೆಸರನ್ನು ಜೊತೆಗೆ ಹೇಳದೆ ದಾರಿಯಿಲ್ಲ. ವಿಮಾನಯಾನದವರು ಇದನ್ನು ಮೊದಲೇ ಕಂಡುಕೊಂಡಂತಿದೆ. ಕಾಡಿನ ಯಿಚುನ್‌ನ ನಿಲ್ದಾಣ 'ಯಿಚುನ್ ಲಿಂದು', ಲಿಥಿಯಂ ಯಿಚುನ್‌ನದು 'ಯಿಚುನ್ ಮಿಂಗ್ಯುಯೆಶಾನ್'. ನಮ್ಮ ಹಿರಿಯರೂ ಹೊಳೆನರಸೀಪುರ, ತಿರುಮಕೂಡಲು ನರಸೀಪುರ ಎಂದದ್ದು ಇದೇ ವಿವೇಕದಿಂದಲೇ: ಎತ್ತಿನಗಾಡಿ ಹೂಡುವ ಮುಂಚೆ ಯಾವ ನರಸೀಪುರ ಎಂದು ಗೊತ್ತಾಗಬೇಕಿತ್ತಲ್ಲ.

ಈಗ ನಮ್ಮ ಕಡೆಯ ಸಮಾಚಾರ. ಕನ್ನಡದ ಸುದ್ದಿಮನೆಗಳಿಗೆ ಚೀನಾದ ಹೆಸರು ಬರುವುದು ಇಂಗ್ಲಿಷ್ ತಂತಿಸುದ್ದಿಯ ಮೂಲಕ. ಪಿನ್‌ಯಿನ್‌ನ 'ಎಕ್ಸ್' ಅಕ್ಷರ ನಮ್ಮ ಶಕಾರಕ್ಕೆ ಹತ್ತಿರದ ಧ್ವನಿ. ಇಂಗ್ಲಿಷ್ ಕಣ್ಣಿನಿಂದ ಓದಿ ನಾವು ಅದನ್ನು 'ಕ್ಸ' ಮಾಡುತ್ತೇವೆ. ಹೀಗೆ ಎರಡು ಪ್ರಾಂತಗಳೂ ಕನ್ನಡದಲ್ಲಿ 'ಶಾಂಕ್ಸಿ' ಆಗುತ್ತವೆ. ಎರಡು ತಪ್ಪು ಒಂದೇ ಏಟಿಗೆ: ಇಲ್ಲದ ಕಕಾರ ಬಂತು, ಇದ್ದ ಎರಡನೆಯ 'ಎ' ಹೋಯಿತು. ಆ 'ಎ'ಯನ್ನು ಉಳಿಸುವ ಉಪಾಯವೂ ನಮ್ಮಲ್ಲಿಲ್ಲ, ಏಕೆಂದರೆ ಒಂದು 'ಎ' ಇದ್ದರೂ ಎರಡಿದ್ದರೂ ನಮಗೆ ಅದು 'ಶಾ'. ದೀರ್ಘವನ್ನು ತೋರಿಸಬಲ್ಲ ಲಿಪಿಗೆ ತಾನವನ್ನು ತೋರಿಸಲು ಬಾರದು. ಹಾಗೆಂದು ಕನ್ನಡ ಲಿಪಿ ಈ ಕೆಲಸಕ್ಕೆ ಅಸಮರ್ಥವೇನಲ್ಲ. ಪಿನ್‌ಯಿನ್‌ನ 'ಟಿ'ಗೂ 'ಡಿ'ಗೂ ಇರುವ ವ್ಯತ್ಯಾಸ ಘೋಷದ್ದಲ್ಲ, ಮಹಾಪ್ರಾಣದ್ದು. ತೈಝೌನ ಮೊದಲ ಧ್ವನಿ ಚೀನೀಯರ ಬಾಯಲ್ಲಿ ನಮ್ಮ 'ಥ'ಕಾರ. ಇಂಗ್ಲಿಷಿಗೆ ಬರೆಯಲಾಗದ್ದನ್ನು ನಾವು ಒಂದೇ ಅಕ್ಷರದಲ್ಲಿ ಬರೆಯಬಹುದಿತ್ತು. ನಮ್ಮ ಆಡುಮಾತಿನಲ್ಲಿ ನಾವೇ ಉಚ್ಚರಿಸದ ಮಹಾಪ್ರಾಣಗಳು ಚೀನಾಕ್ಕಾದರೂ ಉಪಯೋಗಕ್ಕೆ ಬರುತ್ತಿದ್ದವು. ಅಷ್ಟು ದೂರ ಹೋಗುವುದು ಬೇಡ ಎಂದರೆ ಕೊನೆಯಪಕ್ಷ ಭೂಕಂಪದ ಸುದ್ದಿಯಲ್ಲೋ ಗಣಿ ಕುಸಿತದ ಸುದ್ದಿಯಲ್ಲೋ 'ಹಳದಿ ನದಿಯ ಪೂರ್ವದ' ಎಂಬ ಎರಡು ಮೂರು ಮಾತು ಸೇರಿಸಬಹುದು. ಜಾಗದ ಅಭಾವ ಎಂಬ ನೆಪ ನಾನು ಒಪ್ಪುವುದಿಲ್ಲ. ತಲೆಬರಹದಲ್ಲಿ ಆಶ್ಚರ್ಯಸೂಚಕಕ್ಕೆ ಜಾಗವಿರುತ್ತದೆ.

'ಮೂಡಣ ದಡದ್ದು, ಪಡುವಣ ದಡದ್ದು' ಎಂದು ನಾನು ಹೇಳಿದೆನಲ್ಲ, ಚೀನೀ ಅಕ್ಷರ ಬಲ್ಲವರು ಅದನ್ನು ಕೇಳಿ ನಕ್ಕಾರು. ಎರಡೂ ಹೆಸರುಗಳ ಕೊನೆಯ 'ಶಿ' ಎಂದರೆ ಪಡುವಣವೇ. ಮೂಡಣದ ಪ್ರಾಂತ ತೈಹಾಂಗ್ ಬೆಟ್ಟಗಳ ಪಡುವಣಕ್ಕೆ ಇರುವುದು, ಹಾಗಾಗಿ 'ಬೆಟ್ಟದ ಪಡುವಣ'. ಎರಡು 'ಎ'ಗಳ ಪ್ರಾಂತ 'ಶಾನ್ ಎಂಬ ನೆಲದ ಪಡುವಣ'. ಹೆಸರು ಕೊಟ್ಟ ಆ ಶಾನ್ ಇರುವುದು ಗಡಿಯಾಚೆಯ ಹೆನಾನ್ ಪ್ರಾಂತದಲ್ಲಿ. ಇಂದು ಅದು ಸಾನ್‌ಮೆನ್‌ಶಿಯಾ ನಗರ ವ್ಯಾಪ್ತಿಯ ಶಾನ್‌ಝೌ ಎಂಬ ಜಿಲ್ಲೆ. ಅದೇ ಅಕ್ಷರ, ಅದೇ ಮೂರನೆಯ ತಾನ. ರೋಮನ್ ಫಲಕದಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ 'ಎ'.